ಕರ್ಪೂರದ ಬೀದಿಯ ಒಂದೇ ದರ

ತಿರುವೊಟ್ಟಿಯೂರಿನ ಗುಡಿ ಹಿಂದಿನ ಬೀದಿಯಲ್ಲಿ ನಮ್ಮದು ಕರ್ಪೂರದ ಕೆಲಸ. ಪುಡಿಯನ್ನು ಯಂತ್ರಕ್ಕೆ ಹಾಕಿ ಒತ್ತಿದರೆ ಬಿಲ್ಲೆ ಬೀಳುತ್ತದೆ, ಕಾಗದ ಸುತ್ತಿ ಮಾರುತ್ತೇವೆ. ಪುಡಿ ಬರುವುದು ಹಡಗಿನಲ್ಲಿ. ತರಿಸುವ ವ್ಯಾಪಾರಿಗಳು ನಾಲ್ವರು. ಮೊದಲು ಒಬ್ಬನ ದರವನ್ನು ಇನ್ನೊಬ್ಬನಿಗೆ ಹೇಳಿ ಇಳಿಸಿಕೊಳ್ಳುತ್ತಿದ್ದೆ. ಸುಳ್ಳೂ ಹೇಳುತ್ತಿದ್ದೆ. ವ್ಯಾಪಾರ ಅಂದರೆ ಅದೇ.

ಆಮೇಲೆ ನಾಲ್ವರೂ ಒಂದೇ ದರ ಹೇಳತೊಡಗಿದರು. ಏರಿಸಿದರೆ ಎಲ್ಲರೂ ಒಂದೇ ಬೆಳಗ್ಗೆ ಏರಿಸುವರು. ಒಬ್ಬನನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಹೋದರೆ, "ನೀವು ಅವರ ಗಿರಾಕಿ ಅಲ್ವಾಮ್ಮಾ, ಅಲ್ಲೇ ತಗೊಳ್ಳಿ" ಎನ್ನುವನು. ಬಂದ ಗಿರಾಕಿಯನ್ನು ಅಟ್ಟುವ ವ್ಯಾಪಾರಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಿಲ್ಲೆಯ ದರವನ್ನು ಅಷ್ಟು ಏರಿಸಿದರೆ ಕೊಳ್ಳುವವರಿಲ್ಲ. ಪುಡಿ ಇನ್ನೊಮ್ಮೆ ಏರಿದರೆ ಯಂತ್ರ ಗುಜರಿಗೆ ಎಂದು ನಾನೂ ಸೊಸೆಯೂ ಮಾತಾಡಿಕೊಂಡಿದ್ದೆವು.

ಆಗ ಸರ್ಕಾರದಿಂದ ಒಬ್ಬಳು ಅಧಿಕಾರಿ ಬಂದಳು, ಚಿಕ್ಕ ವಯಸ್ಸಿನವಳು. ವ್ಯಾಪಾರಿಗಳು ಒಳಗೊಳಗೇ ಸೇರಿ ದರ ಕಟ್ಟಿದರೆ ಹಿಡಿಯುವುದು ಅವಳ ಕೆಲಸ. ಪುಡಿ ಮಾಡುವ ಹೊರದೇಶದ ಕಂಪನಿಗಳೂ ಈ ನಾಲ್ವರೂ ಯಾವುದೋ ದೇಶದ ಹೋಟೆಲಿನಲ್ಲಿ ಕೂತು ದರ ಗೊತ್ತುಮಾಡಿ, ಗಿರಾಕಿಗಳನ್ನು ಹಂಚಿಕೊಂಡಿದ್ದಾರೆಂದು ಅನುಮಾನವಂತೆ.

"ಅಲ್ಲಿ ಕೂತವರನ್ನ ಇಲ್ಲಿಂದ ಏನಮ್ಮ ಮಾಡ್ತೀಯ?" ಎಂದೆ.

"ಎಲ್ಲಾದ್ರೂ ಕೂತ್ಕೊಳ್ಳಲಿ ಪಾಟಿ" ಎಂದಳು, ಅಜ್ಜಿಯನ್ನು ಕರೆಯುವ ಹಾಗೆ. " ಪೆಟ್ಟು ಬಿದ್ದಿರೋದು ಇಲ್ಲಿ, ನಿಮಗೆ. ಅಷ್ಟಿದ್ರೆ ಸಾಕು, ನಮ್ಮ ಕಾನೂನು ಅವರನ್ನೂ ಕೇಳುತ್ತೆ."

ಕಂಡದ್ದೆಲ್ಲ ಹೇಳಿದೆ, ಅವಳು ಬರೆದುಕೊಂಡಳು. ಅಷ್ಟಕ್ಕೆ ಬಿಡಲಿಲ್ಲ ನಾನು. "ಅವರದು ಕಳ್ಳ ಮಾತು. ನಮ್ಮ ಬೀದಿ ನೋಡು. ತಿಂಗಳಿಗೊಂದ್ಸಲ ಬಿಲ್ಲೆ ಒತ್ತೋ ಮನೆಯವರೆಲ್ಲ ಜಗಲಿ ಮೇಲೆ ಸೇರ್ತೀವಿ. ಉರಿಯೋ ಕರ್ಪೂರಾನ ಅಂಗೈಲಿ ಬಡಿದು ಆರಿಸಿ, ಈ ದರಕ್ಕಿಂತ ಇಳಿಸಲ್ಲ ಅಂತ ಆಣೆ ಇಡ್ತೀವಿ. ಒಬ್ಬರೂ ತಪ್ಪಿಲ್ಲ."

ಸೊಸೆ ನನ್ನ ಕಾಲು ತುಳಿದಳು. "ಪೋದುಂ ಅತ್ತೆ, ಸಾಕು ಬಾಯಿ ಮುಚ್ಚಿ."

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಪಾಟಿ, ಅದೂ ತಪ್ಪೇ."

"ನಮ್ಮ ನಮ್ಮಲ್ಲಿ ಜಗಳ ಬೇಡ ಅಂತ ಮಾಡ್ಕೊಂಡಿದ್ದು."

"ಅವರೂ ಅದನ್ನೇ ಹೇಳೋದು."

ಅಧಿಕಾರಿ ಮತ್ತೆ ಪೆನ್ನು ಎತ್ತಿಕೊಂಡಳು. ಕೇಳಿದ ಮೇಲೆ ಬರೆಯದಿರಲು ಆಗದು, ನೀವು ಆ ಆಣೆ ನಿಲ್ಲಿಸಿದರೆ ನಿಲ್ಲಿಸಿದರು ಅಂತಲೂ ಬರೆಯುತ್ತೇನೆ ಎಂದಳು.

"ಹೇಳಿದ್ದೆಲ್ಲ ವಾಪಸ್ ತಗೊಳ್ಳಿ ಅತ್ತೆ. ಈ ಬೀದೀಲಿ ಬಾಳ್ಬೇಕು ನಾವು" ಎಂದಳು ಸೊಸೆ.

"ಪುಡೀನೇ ಇಲ್ದೆ ಏನು ಬಾಳ್ತೀಯ?" ಎಂದು ಅಧಿಕಾರಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿದೆ.

ಮುಂದಿನ ಸಲ ಸೇರಿದಾಗ ಜಗಲಿಗೆ ಹೋಗಿ ನಡೆದದ್ದು ಹೇಳಿದೆ. ಇನ್ನು ನನ್ನ ದರ ನನ್ನದು, ನಿಮ್ಮದು ನನಗೆ ಹೇಳಬೇಡಿ ಎಂದೆ. ಎದುರು ಮನೆಯವಳು ಎದ್ದು ನಿಂತಳು.

"ಆಣೆ ಇಟ್ಟ ಕೈ ಅಕ್ಕ ಅದು. ಹುಳ ಬೀಳುತ್ತೆ."

"ಬಿದ್ರೆ ತೊಳ್ಕೋತೀನಿ ಬಿಡು."

ಅದೇ ವಾರ, ಗಿರಾಕಿ ಹೆಚ್ಚಲೆಂದು, ಬಿಲ್ಲೆಯ ದರ ಒಂದಿಷ್ಟು ಇಳಿಸಿದೆ. ಬೈದುಕೊಂಡು ಉಳಿದವರೂ ಇಳಿಸಿದರು.

ವಿಚಾರಣೆ ಇನ್ನೂ ಮುಗಿದಿಲ್ಲ. ಆದರೆ ಮೊದಲು ಒಪ್ಪಿಕೊಂಡವನಿಗೆ ದಂಡ ಕಡಿಮೆಯಂತೆ. ನಾಲ್ವರಲ್ಲಿ ಒಬ್ಬ ಹೋಗಿ ಎಲ್ಲ ಕಕ್ಕಿಬಿಟ್ಟ. ಮಿಕ್ಕ ಮೂವರು ನನಗೆ ಪುಡಿ ಕೊಡುವುದಿಲ್ಲ. ಇವನು ಕೊಡುತ್ತಾನೆ, ಚೌಕಾಸಿಗೂ ಬಗ್ಗುತ್ತಾನೆ. ಯಂತ್ರ ನಡೆಯುತ್ತಿದೆ. ಎದುರು ಮನೆಯವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಪುಡಿ ಮಾತ್ರ ಇವನ ಹತ್ತಿರವೇ ತರುತ್ತಾಳೆ, ನನಗಿಂತ ಕಡಿಮೆಗೆ.