ಕರೆಂಟ್ ಹೋಗಲಿ ಎಂದು ಕಾಯುತ್ತಾ ಕೂತವರು

ಗೆಳೆಯರೇ, ಬೆಳಿಗ್ಗೆಯಿಂದ ಗಂಗಾವತಿಯ ಒಂದು ಇನ್ವರ್ಟರ್ ಅಂಗಡಿಯಲ್ಲಿ ಕೂತಿದ್ದೇನೆ. ಜನರನ್ನು ಹೊಳೆ ದಾಟಿಸುವ ನನ್ನ ದೋಣಿಯ ತಳ ಸ್ವಲ್ಪ ಜಿನುಗುತ್ತದೆ. ಆ ನೀರನ್ನು ಹೊರಹಾಕುವ ಪಂಪ್ ನಡೆಯುವುದು ಎಂಜಿನ್ನಿನ ಕರೆಂಟಿನಿಂದ. ನಡುಹೊಳೆಯಲ್ಲಿ ಎಂಜಿನ್ ಕೈಕೊಟ್ಟರೆ? ಇದೇ ಚಿಂತೆಯಲ್ಲಿ ನನಗೆ ಊಟ ಸೇರುತ್ತಿಲ್ಲ. ಅದಕ್ಕೇ ಪಂಪಿಗೊಂದು ಇನ್ವರ್ಟರ್ ಕೊಳ್ಳಲು ಬಂದೆ.

ಅಂಗಡಿಯ ಶರಣಪ್ಪಣ್ಣ ಗೋಡೆಯ ಮೇನ್ ಸ್ವಿಚ್ ಆರಿಸಿ ತೋರಿಸಿದರು. ಇನ್ವರ್ಟರ್ ಬಲದಿಂದ ಫ್ಯಾನ್ ತಿರುಗುತ್ತಲೇ ಇತ್ತು.

"ನೀವ ಆರಿಸಿದ್ರ ಅದಕ್ಕ ಗೊತ್ತಾಗ್ತೈತ್ರಿ. ಕರೆಂಟ್ ಹೇಳದ ಕೇಳದ ಹೋಗ್ಬೇಕು, ಆವಾಗ ನಂಬ್ತೀನಿ," ಎಂದೆ.

"ಹಂಗಾದ್ರ ಕುಂದ್ರಪಾ, ದಿನಾ ಹೋಗೇ ಹೋಗ್ತೈತಿ."

ಆದರೆ ಇವತ್ತು ಎಷ್ಟು ಹೊತ್ತಾದರೂ ಹೋಗಲಿಲ್ಲ. ಚಹಾದ ಮೇಲೆ ಚಹಾ ಆಯಿತು. ಕೊನೆಗೆ ಅವರು ಪರಿಚಯದ ಲೈನ್‌ಮನ್‌ಗೆ ಫೋನ್ ಹಚ್ಚಿ, "ಒಂದ್ ಚೂರು ಹೊತ್ತು ಕರೆಂಟ್ ತಗಿಯೋ ಮಾರಾಯಾ," ಎಂದರು.

"ಹೋದ್ರೂ ಬೈತೀರಿ, ಹೋಗ್ಲಿಲ್ಲಂದ್ರೂ ಬೈತೀರಿ. ನಾ ಏನ್ ಸಾಯ್ಲೇನು?" ಎಂದು ಆತ ಫೋನ್ ಇಟ್ಟ.

ಮಧ್ಯಾಹ್ನ ತಾನಾಗಿಯೇ ಹೋಯಿತು. ಫ್ಯಾನ್ ನಿಲ್ಲಲಿಲ್ಲ. ನಾನು ಚಪ್ಪಾಳೆ ಹೊಡೆದೆ. ಅಣ್ಣ ಒಳಗಿನಿಂದ ಸೀಲ್ ಒಡೆಯದ ಹೊಸ ಇನ್ವರ್ಟರ್ ಪೆಟ್ಟಿಗೆ ತಂದಿಟ್ಟರು.

"ಇದಲ್ರೀ ಅಣ್ಣಾರ, ಪಾಸಾಗಿದ್ದು ಕೊಡ್ರಿ."

"ಅದು ನಮ್ಮ ಅಂಗಡಿಗೆ ಹಚ್ಚಿದ್ದೋ, ಹಳೇದು!"

"ಹಂಗಾದ್ರ ಇದಕ್ಕೂ ಪರೀಕ್ಷಾ ಆಗ್ಲಿ."

ಅವರು ಹಣೆ ಚಚ್ಚಿಕೊಂಡು ಹೊಸದನ್ನು ಹಚ್ಚುವಷ್ಟರಲ್ಲಿ ಕರೆಂಟ್ ಬಂತು. ಈಗ ಇಬ್ಬರೂ ಫ್ಯಾನ್ ನೋಡುತ್ತಾ ಕೂತಿದ್ದೇವೆ. ನಿಮ್ಮ ಓಣಿಯಲ್ಲಿ ಕರೆಂಟ್ ಹೋಗಿದ್ದರೆ ದಯವಿಟ್ಟು ಆ ಪವರ್ ಕಟ್ ಅನ್ನು ಈ ಕಡೆಗೂ ಸ್ವಲ್ಪ ಕಳುಹಿಸಿ.