ರೆಕ್ಕೆಗೆ ಇಟ್ಟ ಕೆಂಪು ದಡಿ

ಇಳಕಲ್ಲಿನಲ್ಲಿ ನನ್ನ ಎಸ್‌ಟಿಡಿ ಅಂಗಡಿಯ ಎದುರುಮನೆ ಸೀರೆ ನೇಯುವ ಬಾಳವ್ವನದು. ಒಳ್ಳೆಯ ಹೆಂಗಸು, ಆದರೆ ಒಂದು ಖಯಾಲಿ. ದಡಿ, ಅಂದರೆ ಬಣ್ಣದ ಅಂಚು, ಇಲ್ಲದ ಬಟ್ಟೆ ಕಂಡರೆ ಅವಳ ಕೈ ಸುಮ್ಮನಿರದು. ರೊಟ್ಟಿ ಬುಟ್ಟಿಯ ಅರಿವೆಗೂ ದಡಿ, ಟಿವಿಯ ಮುಸುಕಿಗೂ ದಡಿ. ಒಮ್ಮೆ ನನ್ನ ಟವೆಲ್ ಅವಳ ಮನೆಯಲ್ಲಿ ಮರೆತು ಬಂದೆ. ಮೂರನೇ ದಿನ ಅದು ಮದುಮಗಳಂತೆ ಸಿಂಗರಿಸಿಕೊಂಡು ವಾಪಸು ಬಂತು.

"ದಡಿ ಇಲ್ಲದ ಅರಿವಿ ಹೆಣಕ್ಕ ಹೊಚ್ಚೂದು" ಎನ್ನುವುದು ಅವಳ ವಾದ.

2007ರಲ್ಲಿ ಮಗ ಬಸು ತಾಯಿಯ ಕುಣಿಮಗ್ಗ ಕಿತ್ತು ಪವರ್‌ಲೂಮ್ ಇಡಲು ಹಟ ಹಿಡಿದ. ಅವಳು ಕಾಲು ಇಳಿಬಿಟ್ಟು ಕೂಡುವ ಕುಣಿಯನ್ನು ಮುಚ್ಚಲು ಒಂದು ಟ್ರ್ಯಾಕ್ಟರ್ ಉಸುಕನ್ನೂ ಬಾಗಿಲಲ್ಲಿ ಸುರಿಸಿದ. ಬಾಳವ್ವ ಆ ಗುಡ್ಡೆ ಸುತ್ತಿಕೊಂಡು ನೀರಿಗೆ ಹೋಗುತ್ತಿದ್ದಳು, ಅದು ಕಾಣಲೇ ಇಲ್ಲ ಎಂಬಂತೆ. ಮೂವತ್ತು ವರ್ಷ ಕೂತ ಜಾಗ. 

ಅಷ್ಟರಲ್ಲಿ ಧಾರವಾಡದ ಇಂಜಿನಿಯರ್ ರೋಹಿಣಿ ಬಂದಳು. ಸಮುದ್ರದೊಳಗೆ ನಿಲ್ಲಿಸುವ ಗಾಳಿಯಂತ್ರದ ರೆಕ್ಕೆಯನ್ನು ಗಾಜಿನ ನಾರಿನ ಬಟ್ಟೆಗೆ ಅಂಟು ಕುಡಿಸಿ ಮಾಡುತ್ತಾರಂತೆ. ಹಳತಾದರೆ ಕೊಳೆಯುವುದಿಲ್ಲ, ಎಲ್ಲಾದರೂ ಹೂಳಬೇಕು. ಗಾಜಿನ ಬದಲು ಪುಂಡಿ ಸೊಪ್ಪಿನ ಗಿಡದ ನಾರು ಬಳಸಿದರೆ ಹೇಗೆ ಎಂಬುದು ಅವಳ ಪ್ರಯೋಗ. ಆ ಒರಟು ನಾರು ಪವರ್‌ಲೂಮಿನಲ್ಲಿ ಹರಿದುಹೋಗುತ್ತಿತ್ತು, ಕೈಮಗ್ಗವೇ ಬೇಕಾಗಿತ್ತು.

"ಪುಂಡಿಪಲ್ಯ ತಿಂದು ಕಡ್ಡಿ ಒಗಿಯೋ ಮಂದಿ ನಾವು. ಅದು ಸಮುದ್ರದಾಗ ಕರೆಂಟ್ ಮಾಡತೈತೇನ್ರಿ?" ಬಾಳವ್ವ ನಕ್ಕಳು.

ಆಳೆತ್ತರದ ಮೂರು ರೆಕ್ಕೆಗೆ ಮೂರು ತುಂಡು ಬಟ್ಟೆ. ಕಾರವಾರದ ಕಡಲ ದಂಡೆಯಲ್ಲಿ ಪರೀಕ್ಷೆ. ಪಾಸಾದರೆ ಮೂರು ವರ್ಷ ಕೆಲಸ. ಅಲ್ಲಿಯವರೆಗೆ ಮಗ್ಗ ಮುಟ್ಟುವುದಿಲ್ಲ ಎಂದು ಬಸು ಒಪ್ಪಿದ.

"ಮೂರೂ ಒಂದ ತೂಕ ಇರಬೇಕ್ರಿ. ದಡಿ ಮಾತ್ರ ಬ್ಯಾಡ್ರಿ," ಎಂದಳು ರೋಹಿಣಿ.

"ಆತು ಬಿಡ್ರಿ," ಎಂದಳು ಬಾಳವ್ವ. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಗುಮಾನಿ ಬಂದಿತ್ತು.

ಎರಡು ತುಂಡು ನಿಯತ್ತಾಗಿ ನೇಯ್ದಳು. ಮೂರನೆಯದಕ್ಕೆ ಗಟ್ಟಿ ಕೆಂಪು ನೂಲಿನ ದಡಿ ಇಟ್ಟು, ಅದು ಮಡಿಕೆಯೊಳಗೆ ಹೋಗುವಂತೆ ಸುತ್ತಿ ಕಳಿಸಿದಳು. ಅಂಟು ಹಾಕುವವರು ಅದನ್ನು ಗುರುತಿನ ಪಟ್ಟಿ ಎಂದುಕೊಂಡು ಹಾಗೇ ರೆಕ್ಕೆ ಮಾಡಿಬಿಟ್ಟರು.

ಒಂದು ದಿನ ನನ್ನ ಅಂಗಡಿಗೆ ಫೋನು ಬಂತು, ಬಾಳವ್ವನನ್ನು ಕರೆದು ಕೊಟ್ಟೆ. ಯಂತ್ರ ಗಡಗಡ ನಡುಗುತ್ತಿದೆ, ಒಂದು ರೆಕ್ಕೆ ಭಾರವಾಗಿದೆ, ಯಾಕೆ ಎಂದು ರೋಹಿಣಿ ಕೇಳಿದಳು. ಬಾಳವ್ವ ಮೊದಲು ಗಾಳಿಯನ್ನು ಬೈದಳು, ಆಮೇಲೆ ಉಪ್ಪುನೀರನ್ನು. ಅಷ್ಟರಲ್ಲಿ ಎದುರಿನ ಉಸುಕಿನ ಗುಡ್ಡೆಯ ಕಡೆ ಕಣ್ಣು ಹೋಯಿತು. ದನಿ ಸಣ್ಣದಾಯಿತು.

"ತಪ್ಪು ನಂದರಿ. ಒಂದಕ್ಕ ದಡಿ ಇಟ್ಟೇನಿ. ನಾಕು ದಿನ ಕೊಡ್ರಿ."

ಫೋನಿಟ್ಟ ಮೇಲೆ ನಾನು ಕೇಳಿದೆ, "ಈಗ ಏನ್ ಮಾಡ್ತಿ ಬಾಳಕ್ಕ?"

"ಅಂಟಿದ್ದು ಕೀಳಾಕ ಬರೂದಿಲ್ಲ. ಉಳಿದ ಎರಡಕ್ಕೂ ಅದ ತಪ್ಪು ಮಾಡೂದು."

ಅದೇ ನೂಲು, ಅಷ್ಟೇ ಎಳೆ, ಅಷ್ಟೇ ಉದ್ದದ ಎರಡು ಕೆಂಪು ಪಟ್ಟಿ ನೇಯ್ದಳು. ಅಕ್ಕಸಾಲಿಗ ಶಂಕ್ರಪ್ಪನ ಬಂಗಾರದ ತಕ್ಕಡಿಯಲ್ಲಿ ಎರಡನ್ನೂ ಎದುರುಬದುರು ಇಟ್ಟು ತೂಗಿಸಿದಳು. ಮುಳ್ಳು ಅಲುಗಲಿಲ್ಲ. ಬಸು ಬರಲಿಲ್ಲ, ಅಂಗಡಿ ಮುಚ್ಚಿ ಕಾರವಾರಕ್ಕೆ ನಾನೇ ಜೊತೆಗೆ ಹೋದೆ.

ಆಲಮಟ್ಟಿಯ ಹಿನ್ನೀರಿಗಿಂತ ದೊಡ್ಡ ನೀರನ್ನು ಬಾಳವ್ವ ಕಂಡವಳಲ್ಲ.  ದಂಡೆಯ ನೊರೆಯತ್ತ ಬೆರಳು ಮಾಡಿ, ರೋಹಿಣಿಯ ಕಡೆ ತಿರುಗಿದಳು.

"ನೋಡ್ರಿ, ಇದಕ್ಕೂ ಬಿಳಿ ದಡಿ ಐತಿ!"

ಸಿಟ್ಟು ಮಾಡಲೆಂದೇ ಕಾದಿದ್ದ ರೋಹಿಣಿ ಮುಖ ತಿರುಗಿಸಿಕೊಂಡು ನಕ್ಕಳು. ಪಟ್ಟಿ ಅಂಟಿಸಿದರು. ಮರುದಿನ ಯಂತ್ರ ನಡುಗದೆ ತಿರುಗಿತು. ನಾನಂತೂ ಕೂಗಿಯೇಬಿಟ್ಟೆ.

ತಿಂಗಳ ಮೇಲೆ ಆರ್ಡರಿನ ಕಾಗದ ಬಂತು. ಬಸುವೇ ಓದಿದ: ಮೂರು ವರ್ಷದ ಕೆಲಸ, ಪರೀಕ್ಷೆಯಲ್ಲಿ ಪಾಸಾದಂತೆಯೇ ಮೂರೂ ರೆಕ್ಕೆಗೆ ದಡಿ ಕಡ್ಡಾಯ. ಕಾಗದ ಮಡಚಿ, ಮಗ್ಗದ ಮುಂದೆ ಬಂದು ಕೇಳಿದ:

"ಆ ಉಸುಕು ಏನ್ ಮಾಡ್ಲಿ ಯವ್ವಾ?"

"ಬಾಗಲಾಗ ಕಟ್ಟಿ ಕಟ್ಟು. ಬಂದವರು ಕುಂದ್ರತಾರ," ಎಂದಳು ಬಾಳವ್ವ, ಕುಣಿಯೊಳಗಿಂದಲೇ.

ಅವನು ಕಟ್ಟಿದ. ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದು ಮಧ್ಯಾಹ್ನ ಬ್ರಷ್ ಹಿಡಿದು ಕೂತು, ಕಟ್ಟಿಯ ಅಂಚಿನುದ್ದಕ್ಕೂ ಕೆಂಪು ಬಣ್ಣದ ದಡಿ ಬಳಿದದ್ದೂ ಅವನೇ.