ನಾಲ್ಕನೇ ಕ್ಯಾಮೆರಾ

ಸಿರಸಿಯಲ್ಲಿ ಅಣ್ಣನ ಮನೆಯ ನಡುಮನೆ ಬಾಗಿಲಿಗೆ ಒರಗಿ ನಾನು ನಿಂತಿದ್ದೆ. ಬೆಳಗಿನ ಹನ್ನೊಂದು ಗಂಟೆ, ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಮರುವರ್ಷ. ಯಲ್ಲಾಪುರದ ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಮನೆ ಕಾಣಬೇಕೆಂದು ಅಣ್ಣ ದಾಸನಕೊಪ್ಪ ಕಡೆಯ ಕ್ಯಾಮೆರಾ ಮೆಕ್ಯಾನಿಕ್‌ನನ್ನು ಕರೆಸಿದ್ದ.

ಆತ ಮೆಲ್ಲಗೆ ಮಾತಾಡುವವನು. ಸ್ಕ್ರೂ ಬಿಗಿದ ಮೇಲೆ ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಇಂಟರ್‌ನೆಟ್ಟಿಗೆ ಜೋಡಿಸುವ ಮೊದಲು ಮನೆಮಂದಿಯನ್ನೆಲ್ಲ ಟಿ.ವಿ. ಮುಂದೆ ಕೂರಿಸುವುದು ಅವನ ಪದ್ಧತಿ. "ಯಾರು ಕಾಣ್ತಾರೋ ಅವರಿಗೆ ಗೊತ್ತಿರಬೇಕ್ರಿ" ಎನ್ನುತ್ತಿದ್ದ.

ಮೂರು ಕ್ಯಾಮೆರಾಗಳಲ್ಲಿ ಗೇಟು, ಅಂಗಳ, ಜಗಲಿ ಕಂಡವು. ನಾಲ್ಕನೆಯದರಲ್ಲಿ ಇಡೀ ಅಡುಗೆಮನೆ. ಅದು ಹಿತ್ತಿಲ ಬಾಗಿಲಿಗೆ ಮಾತ್ರ ಎಂದು ಅಣ್ಣ ಹೇಳಿದ್ದನ್ನು ನಂಬಿದ್ದ ಅತ್ತಿಗೆ ಎದ್ದು ನಿಂತಳು.

"ಎನ್ನ ಒಲೆ ಯಲ್ಲಾಪುರಕ್ಕೆ ಎಂತಕ್ಕೆ ಕಾಣ್ಬೇಕು?"

ಅಣ್ಣ ಮೆಕ್ಯಾನಿಕ್‌ನತ್ತ ತಿರುಗಿದ. "ಹೇಳಿದಷ್ಟು ಮಾಡು ಮಾರಾಯ. ಹೆಂಗಸ್ರನ್ನ ಕೇಳಿ ಕ್ಯಾಮೆರಾ ಹಾಕ್ಬೇಕಾ?"

ಆತ ನಾಲ್ಕನೇ ವೈರು ಕಿತ್ತು, ಸುತ್ತಿ, ಚೀಲಕ್ಕೆ ಹಾಕಿದ. "ಮೂರು ಕಾಣ್ತಾವ್ರಿ. ನಾಲ್ಕನೇದಕ್ಕ ಅಕ್ಕಾರು ಹೂಂ ಅಂದ್ರ ಬರ್ತೀನ್ರಿ."

ಅಣ್ಣನಿಗೆ ಹೆದರಿ ನಾನು ಬಾಯಿ ಬಿಡಲಿಲ್ಲ. ಅಣ್ಣ ಈಗಿಲ್ಲ. ಅಂದು ಅದನ್ನು ಕಂಡ ಮನೆಮಂದಿಯಲ್ಲಿ ಉಳಿದಿರುವುದು ನಾನು ಮತ್ತು ಅತ್ತಿಗೆ. ಅವಳು ಇಂದಿಗೂ ಹೂಂ ಅಂದಿಲ್ಲ.